ಪ್ರೇಮಲತಾ ಕೇಳಿಸಿಕೊಂಡದ್ದು

ಗಂಡನನ್ನು ಪೊಲೀಸರು ಕರೆದುಕೊಂಡು ಹೋದ ಮರುವಾರವೇ ಪ್ರೇಮಲತಾಳಿಗೆ ವರ್ಗಾವಣೆ ಆಯಿತು.

ಅವಳು ನಾಯಕನಹಟ್ಟಿಯಿಂದ ಆಚೆಗಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್. ಮನೆ ಇದ್ದದ್ದು ಮೊಳಕಾಲ್ಮುರಿನಲ್ಲಿ. ಬೆಳಿಗ್ಗೆ ಚಳ್ಳಕೆರೆಗೆ ಒಂದು ಬಸ್ಸು, ಅಲ್ಲಿಂದ ನಾಯಕನಹಟ್ಟಿಗೆ ಇನ್ನೊಂದು, ಮುಂದಕ್ಕೆ ಸಿಕ್ಕ ಆಟೊ. ಊರಿನ ಆಸ್ಪತ್ರೆಗೇ ಹಾಕಿಕೊಡಿ ಎಂದು ಕೇಳಿ ಕೇಳಿ ಸಾಕಾಗಿ ಈಚೆಗೆ ಕೇಳುವುದನ್ನೇ ಬಿಟ್ಟಿದ್ದಳು. ಈಗ ಕೇಳದೆಯೇ ಆದೇಶ ಬಂದಿತ್ತು. ಡಾಕ್ಟರು ಅದನ್ನು ಅವಳ ಕೈಗೆ ಕೊಡುತ್ತಾ, "ಕಷ್ಟದ ಹೊತ್ತಲ್ಲಿ ದೇವರು ಕಣ್ಣು ಬಿಟ್ಟ ನೋಡ್ರಿ ಸಿಸ್ಟರ್" ಎಂದರು. ಅವಳಿಗೆ ನಗು ಬರಲಿಲ್ಲ. ವರ್ಗಾವಣೆಯ ಕಾಲ ಮುಗಿದು ಎಷ್ಟೋ ದಿನವಾಗಿತ್ತು. ಜೈಲಿಗೆ ಹೋದವನ ಹೆಂಡತಿಯ ಮೇಲೆ ಯಾರಿಗೆ ಇಷ್ಟು ಕರುಣೆ ಹುಟ್ಟಿತು? ಬಸ್ಸಿನಲ್ಲಿ ಕೂತಾಗಲೂ ಅವಳ ತಲೆಯಲ್ಲಿ ಅದೇ ಪ್ರಶ್ನೆ. ಈ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಅವಳ ಗಂಡ ವೀರೇಶ ಸೋಲಾರ್ ಕಂಪನಿಯೊಂದರ ಸ್ಥಳೀಯ ಮ್ಯಾನೇಜರ್ ಆಗಿದ್ದ. ಬೆಂಗಳೂರಿನ ಎಂ.ಡಿ. ಒಬ್ಬ ಬಂದು ಸಿದ್ದಾಪುರದ ಬಂಡೆಗುಡ್ಡಗಳ ಮಗ್ಗುಲಲ್ಲಿ ಒಂದು, ನಾಯಕನಹಟ್ಟಿ ಕಡೆ ಒಂದು, ಹೀಗೆ ಎರಡು ಕಡೆ ವಿದ್ಯುತ್ ಘಟಕ ಕಟ್ಟುತ್ತೇನೆಂದು ಬೇಲಿ ಹಾಕಿಸಿದ್ದ. ಎರಡು ಘಟಕಗಳಿಗೂ ಬೇರೆ ಬೇರೆ ಬ್ಯಾಂಕುಗಳಿಂದ ಸಾಲ ಎತ್ತಿದ್ದ. ಈಗ ಬಯಲಾಗಿದ್ದೇನೆಂದರೆ, ಇದ್ದ ಪ್ಯಾನೆಲ್‌ಗಳು ಒಂದು ಘಟಕಕ್ಕೆ ಆಗುವಷ್ಟು ಮಾತ್ರ. ಬ್ಯಾಂಕಿನವರು ಇಲ್ಲಿ ನೋಡಲು ಬಂದಾಗ ಇಲ್ಲಿ, ಅಲ್ಲಿ ನೋಡಲು ಬಂದಾಗ ಅಲ್ಲಿ. ಲಾರಿಗಳ ಮೇಲೆ ಅದೇ ಸಾಮಾನು ಅತ್ತಿಂದಿತ್ತ ಓಡಾಡಿತ್ತು. ಬೆಂಗಳೂರಿನಿಂದ ಬಂದ ತನಿಖಾ ತಂಡ ಎಂ.ಡಿ.ಯನ್ನೂ ವೀರೇಶನನ್ನೂ ಒಂದೇ ದಿನ ಬಂಧಿಸಿತು.

ಅವತ್ತಿನಿಂದ ಚಳ್ಳಕೆರೆಯ ಹೋಟೆಲುಗಳಲ್ಲಿ ಒಂದೇ ಮಾತು: ಇದು ಮೇಲಕ್ಕೆ ಎಲ್ಲಿಯವರೆಗೆ ಹೋಗುತ್ತೆ? ಮಾತು ಜಯದೇವಪ್ಪನವರ ಹೆಸರಿನ ಹತ್ತಿರಕ್ಕೆ ಬಂದರೆ ಸಾಕು, ಜನ ಅಕ್ಕಪಕ್ಕದ ಟೇಬಲ್ ನೋಡಿ ಸುಮ್ಮನಾಗುತ್ತಿದ್ದರು. ಜಯದೇವಪ್ಪ ತಾವು ಎಂದೂ ಚುನಾವಣೆಗೆ ನಿಂತವರಲ್ಲ. ಯಾರು ನಿಲ್ಲಬೇಕು ಎಂದು ಹೇಳುವವರು. ಟಿವಿಯವರು ಮೈಕು ಹಿಡಿದಾಗ ಅವರು ಶಲ್ಯ ಸರಿಮಾಡಿಕೊಂಡು, "ಆ ಕಂಪನಿಯೋನು ಯಾರೋ ನನಗೆ ಗೊತ್ತಿಲ್ಲ. ಅವನ ಮುಖಾನೇ ನಾನು ನೋಡಿಲ್ಲ" ಎಂದಿದ್ದರು.

ಅದು ಸುಳ್ಳೆಂದು ಪ್ರೇಮಲತಾಳಿಗೆ ಗೊತ್ತಿತ್ತು. ಯಾಕೆಂದರೆ ಜಯದೇವಪ್ಪ ಮತ್ತು ಎಂ.ಡಿ. ಇಬ್ಬರೂ ಅವಳ ಮನೆಯ ನಡುಮನೆಯಲ್ಲೇ ಮಾತಾಡಿದ್ದರು.

ಹಿಂದಿನ ಬೇಸಿಗೆಯಲ್ಲಿ ನಡೆದದ್ದು ಅದು. ಬ್ಯಾಂಕಿನವರು ಸಿದ್ದಾಪುರದ ಘಟಕ ನೋಡಲು ಬರುವ ದಿನ. ಬಿಸಿಲಿಗೆ ತಲೆ ಸುತ್ತಿ ಬಂದಿದ್ದ ಜಯದೇವಪ್ಪನವರನ್ನು ವೀರೇಶ ತೋಳು ಹಿಡಿದು ಮನೆಯೊಳಗೆ ಕರೆತಂದಿದ್ದ. ಹಿಂದೆಯೇ ಎಂ.ಡಿ. ಅಂದು ರಜೆ ಹಾಕಿದ್ದರಿಂದ ಪ್ರೇಮಲತಾ ಮನೆಯಲ್ಲಿದ್ದಳು. ಮಂಚದ ಮೇಲೆ ಮಲಗಿಸಿ, ಫ್ಯಾನು ಹಾಕಿ, ಬಿ.ಪಿ. ನೋಡಿದಳು. ಜಾಸ್ತಿಯೇ ಇತ್ತು. ಕಾಲು ಗಂಟೆ ಬಿಟ್ಟು ಮತ್ತೆ ನೋಡೋಣವೆಂದು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಅವಳು ಅಲ್ಲಿರುವುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಜಯದೇವಪ್ಪ ಹೇಳಿದ್ದರು:

"ಇವತ್ತು ಇವರು ನೋಡ್ಕೊಂಡು ಹೋಗ್ಲಿ. ನಾಳೆಯಿಂದಾನೇ ಬಿಚ್ಚಿಸಿ ನಾಯಕನಹಟ್ಟಿ ಕಡೆ ಸಾಗಿಸ್ರಿ. ಅಲ್ಲಿಗೆ ಬರೋರು ಬೇರೆ ಬ್ಯಾಂಕಿನೋರು. ಅವರ ಹತ್ರ ನಾನು ಮಾತಾಡೀನಿ."

"ನಿಮ್ಮ ಅಳಿಯನ ಹೆಸರಲ್ಲಿರೋ ಪಾಲು ಹಾಗೇ ಇರುತ್ತೆ ಸರ್" ಎಂದಿದ್ದ ಎಂ.ಡಿ.

ಬಾಗಿಲಿಗೆ ಒರಗಿ ನಿಂತಿದ್ದ ವೀರೇಶ ಏನೂ ಹೇಳಿರಲಿಲ್ಲ. ಅವರು ಹೋದ ಮೇಲೆ ಪ್ರೇಮಲತಾ, "ಏನ್ರೀ ಅದು, ಬಿಚ್ಚೋದು ಸಾಗಿಸೋದು?" ಎಂದು ಕೇಳಿದ್ದಳು. "ಕಂಪನಿ ವ್ಯವಹಾರ. ನಮಗ್ಯಾಕೆ?" ಎಂದು ಅವನು ಕೈ ತೊಳೆಯಲು ಹೋಗಿದ್ದ. ಅವಳೂ ಸುಮ್ಮನಾಗಿದ್ದಳು.

ಬಂಧನವಾದ ಮೇಲೆ ತನಿಖಾ ತಂಡದ ಮಹಿಳಾ ಅಧಿಕಾರಿಯೊಬ್ಬರು ಮನೆಗೆ ಬಂದು, ಇಲ್ಲಿಗೆ ಯಾರ್ಯಾರು ಬರುತ್ತಿದ್ದರು ಎಂದು ಕೇಳಿದರು. ಈಕೆ ಯಾರ ಕಡೆಯವಳೋ ಎಂಬ ಅನುಮಾನ ಪ್ರೇಮಲತಾಳಿಗೆ. "ಕೆಲಸದೋರು ಬರ್ತಿದ್ರು ಮೇಡಂ" ಎಂದಷ್ಟೇ ಹೇಳಿದಳು. ಅಧಿಕಾರಿ ತಮ್ಮ ಫೋನ್ ನಂಬರ್ ಕೊಟ್ಟು, "ಏನಾದರೂ ನೆನಪಾದರೆ ಹೇಳಿ" ಎಂದು ಹೋದರು.

ವರ್ಗಾವಣೆ ಆದೇಶ ಬಂದ ದಿನ ಸಂಜೆ ವೀರೇಶನ ಅಣ್ಣ ಮಾರುತೇಶ ಚಳ್ಳಕೆರೆಯಿಂದ ಬಂದ. ಅಲ್ಲಿ ಅವನದು ಗೊಬ್ಬರದ ಅಂಗಡಿ. ಕೈಯಲ್ಲಿ ಸಿಹಿ ಪೊಟ್ಟಣವಿತ್ತು.

"ಊರಿಗೇ ಆಯ್ತಂತಲ್ಲವ್ವ! ಬಾಯಿ ಸಿಹಿ ಮಾಡ್ಕೋ" ಎಂದ.

ಪ್ರೇಮಲತಾ ಪೊಟ್ಟಣ ಮುಟ್ಟಲಿಲ್ಲ. "ನಾನಿನ್ನೂ ಯಾರಿಗೂ ಹೇಳಿಲ್ಲ ಭಾವ. ನಿಮಗೆ ಯಾರು ಹೇಳಿದ್ರು?"

"ಚಳ್ಳಕೆರೇಲಿ ಯಾವ ಸುದ್ದಿ ನಿಲ್ತದೆ ಹೇಳು?" ಮಾರುತೇಶ ಕುರ್ಚಿ ಎಳೆದುಕೊಂಡು ಕೂತ. ದನಿ ಇಳಿಸಿದ. "ವೀರೇಶನಿಗೆ ದೊಡ್ಡ ವಕೀಲರನ್ನ ಇಟ್ಟೀವಿ. ನೀನು ಧೈರ್ಯವಾಗಿರು. ಆ ಮೇಡಂ ಮತ್ತೆ ಬಂದ್ರೆ ಮನೆಗೆ ದೊಡ್ಡೋರು ಯಾರೂ ಬಂದಿಲ್ಲ ಅನ್ನು. ಜಯದೇವಣ್ಣನ ಹೆಸರು ನಿನ್ನ ಬಾಯಲ್ಲಿ ಬರಬಾರದು. ವೀರೇಶನೇ ಹೇಳಿ ಕಳಿಸಿದಾನೆ."

"ವಕೀಲರಿಗೆ ಯಾರು ಕೊಡ್ತಿರೋದು?"

"ಕೊಡೋರು ಕೊಡ್ತಾರೆ. ಅದೆಲ್ಲ ನಿನಗ್ಯಾಕೆ?"

ಅವನು ಚಹಾ ಕುಡಿಯದೆ ಎದ್ದು ಹೋದ. ಈ ಭಾವ ಮೊದಲೆಲ್ಲ ಬಂದರೆ ಊಟ ಮಾಡದೆ ಹೋದವನಲ್ಲ. ಗೊಬ್ಬರದ ಏಜೆನ್ಸಿ ಅವನಿಗೆ ಸಿಕ್ಕಿದ್ದು ಜಯದೇವಪ್ಪನವರ ಮಾತಿನಿಂದ ಎಂಬುದು ಪ್ರೇಮಲತಾಳಿಗೆ ಆಗ ನೆನಪಾಯಿತು. ತಮ್ಮನನ್ನು ಮಾರಿಕೊಂಡನೇ ಇವನು? ಹೇಳಿ ಕಳಿಸಿದ್ದು ನಿಜವಾಗಿ ವೀರೇಶನೋ, ಅಥವಾ ವೀರೇಶನ ಹೆಸರಲ್ಲಿ ಬೇರೆ ಯಾರೋ?

ಮರುದಿನ ಅವಳು ಡ್ಯೂಟಿಗೆ ಹೋಗುವ ದಾರಿಯಲ್ಲಿ ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿದ್ದ ಅಫ್ಸರನ ಗ್ಯಾರೇಜಿಗೆ ಹೋದಳು. ಅಫ್ಸರ್ ಲಾರಿ ರಿಪೇರಿ ಮಾಡುವವನು. ಅವನದೇ ಎರಡು ಲಾರಿಗಳೂ ಇದ್ದವು. ಪ್ಯಾನೆಲ್ ಸಾಗಿಸಿದ್ದು ಅವೇ ಲಾರಿಗಳು. ಅವಳನ್ನು ಕಂಡವನೇ ಕೈಗೆ ಮೆತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತಾ ರಸ್ತೆಯ ಆ ಕಡೆ ಈ ಕಡೆ ನೋಡಿದ.

"ಅಕ್ಕಾ, ಇಲ್ಲಿ ಬರಬಾರದಾಗಿತ್ತು."

"ಒಂದೇ ಮಾತು ಕೇಳಿ ಹೋಗ್ತೀನಿ ಅಫ್ಸರ್. ಲಾರಿ ಬೇಕು ಅಂತ ನಿನಗೆ ಹೇಳ್ತಿದ್ದೋರು ಯಾರು?"

ಅಫ್ಸರ್ ಅವಳ ಕೈಯಲ್ಲಿದ್ದ ಫೋನಿನ ಕಡೆಗೇ ನೋಡುತ್ತಿದ್ದ. ಮಾತು ರೆಕಾರ್ಡ್ ಆಗುತ್ತದೆಂಬ ಅವನ ಹೆದರಿಕೆ ಪ್ರೇಮಲತಾಳಿಗೆ ಅರ್ಥವಾಯಿತು. ಫೋನನ್ನು ಚೀಲಕ್ಕೆ ಹಾಕಿ, ಚೀಲವನ್ನು ದೂರದ ಬೆಂಚಿನ ಮೇಲಿಟ್ಟು ಬಂದಳು.

"ಮಾಫ್ ಮಾಡಿ ಅಕ್ಕಾ. ನಿಮ್ಮನ್ನೇ ಅವರು ಕಳಿಸಿದ್ರೇನೋ ಅಂತ ಹೆದರಿದೆ" ಎಂದ ಅಫ್ಸರ್. "ಫೋನ್ ಮಾಡ್ತಿದ್ದೋನು ವೀರೇಶಣ್ಣ. ಆದ್ರೆ ಒಂದು ಸಲ ನಾನು ಬರಲ್ಲ ಅಂದಾಗ ಜಯದೇವಪ್ಪನೋರೇ ಮಾತಾಡಿದ್ರು. 'ಲೇ, ಗ್ಯಾರೇಜು ನಡೀಬೇಕೋ ಬ್ಯಾಡ್ವೋ' ಅಂದ್ರು. ಮೊನ್ನೆ ಒಬ್ಬ ವಕೀಲ ಬಂದಿದ್ದ. ಲಾರಿ ಕರೆಸಿದ್ದು, ಸಾಗಿಸಿದ್ದು ಎಲ್ಲಾ ವೀರೇಶ ಒಬ್ಬನೇ, ಬೇರೆ ಯಾರೂ ಗೊತ್ತಿಲ್ಲ ಅಂತ ಹೇಳು ಅಂದ."

"ಯಾವ ವಕೀಲ?"

"ವೀರೇಶಣ್ಣನ ವಕೀಲನೇ."

ಗಂಡನ ಪರವಾಗಿ ನಿಂತ ವಕೀಲನೇ ಎಲ್ಲವನ್ನೂ ಗಂಡನ ತಲೆಗೆ ಕಟ್ಟುತ್ತಿದ್ದಾನೆ. "ಅವನ ಜೊತೆ ಇನ್ಯಾರಿದ್ರು?"

ಅಫ್ಸರ್ ತಲೆ ತಗ್ಗಿಸಿದ. "ಕಾರಲ್ಲಿ ನಿಮ್ಮ ಭಾವ ಕೂತಿದ್ರು ಅಕ್ಕಾ. ಇಳೀಲಿಲ್ಲ."

ಅಂದು ಅವಳು ಡ್ಯೂಟಿಗೆ ಹೋಗಲಿಲ್ಲ. ರಜೆ ಹೇಳಿ ನೇರ ಚಿತ್ರದುರ್ಗದ ಬಸ್ಸು ಹತ್ತಿದಳು. ಜೈಲಿನ ಭೇಟಿಯ ಸರದಿಯಲ್ಲಿ ನಿಂತಾಗ ಅವಳ ಮನಸ್ಸಿನಲ್ಲಿ ಎಲ್ಲ ಸ್ಪಷ್ಟವಾಗಿತ್ತು: ಭಾವ ಮೋಸ ಮಾಡಿದ್ದಾನೆ, ಒಳಗಿರುವ ವೀರೇಶನಿಗೆ ಏನೂ ಗೊತ್ತಿಲ್ಲ, ಮೊದಲು ಅವನನ್ನು ಎಚ್ಚರಿಸಬೇಕು.

ಜಾಲರಿಯ ಆಚೆ ಬಂದು ನಿಂತ ವೀರೇಶ ಇಳಿದುಹೋಗಿದ್ದ. ಗಡ್ಡ ಬಂದಿತ್ತು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನ ಮುಖದಲ್ಲಿ ಆಶ್ಚರ್ಯ ಕಾಣಿಸುತ್ತದೆಂದು ಕಾದಳು. ಕಾಣಿಸಲಿಲ್ಲ.

"ಹೇಳಿ ಕಳಿಸಿದ್ದು ನಾನೇ" ಎಂದ ವೀರೇಶ.

"ಅಫ್ಸರ್‌ಗೆ ಹೇಳಿಸಿದ್ದು?"

"ಅದೂ ಗೊತ್ತು. ನಾನು ಒಪ್ಕೊಂಡೀನಿ ಪ್ರೇಮ. ಎಲ್ಲಾ ನನ್ನ ಮೇಲೆ ಹಾಕ್ಕೊಂಡ್ರೆ ಅವರು ಹೊರಗಿರ್ತಾರೆ. ಹೊರಗಿದ್ರೆ ನನ್ನನ್ನ ಬಿಡಿಸ್ತಾರೆ. ಅವರೇ ಒಳಗೆ ಬಂದ್ರೆ ನಮ್ಮನ್ನ ಕೇಳೋರ್ಯಾರು? ಅಣ್ಣ ಮೊದಲು ಒಪ್ಪಲಿಲ್ಲ. ನಾನೇ ಆಣೆ ಹಾಕಿ ಒಪ್ಪಿಸ್ದೆ."

ಇಷ್ಟು ದಿನ ಪ್ರೇಮಲತಾ ಆ ಮಹಿಳಾ ಅಧಿಕಾರಿಯಿಂದ ಹಿಡಿದು ಭಾವನವರೆಗೆ ಎಲ್ಲರನ್ನೂ ಅನುಮಾನಿಸಿದ್ದಳು. ಅನುಮಾನಿಸದೆ ಉಳಿಸಿಕೊಂಡಿದ್ದು ಇವನೊಬ್ಬನನ್ನು.

"ನನ್ನ ವರ್ಗಾವಣೆ?" ಎಂದು ಕೇಳಿದಳು.

"ನಾನೇ ಕೇಳಿದ್ದು. ನೀನು ದಿನಾ ಅಷ್ಟು ದೂರ ಒದ್ದಾಡೋದು ನೋಡಕ್ಕಾಗ್ತಿರಲಿಲ್ಲ. ಇದೊಂದು ಮಾಡಿಕೊಡ್ರಿ ಅಂದೆ. ಎರಡೇ ದಿನಕ್ಕೆ ಮಾಡಿಸಿದ್ರು ನೋಡು." ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಅದೇ ಅವಳನ್ನು ಹೆಚ್ಚು ಸುಟ್ಟಿತು.

"ನನ್ನನ್ನ ಒಂದು ಮಾತು ಕೇಳಿದ್ರೇನ್ರೀ? ನನ್ನ ಬಾಯಿಗೆ ಬೀಗ ಹಾಕಕ್ಕೆ ನನ್ನ ನೌಕರೀನೇ ಬಳಸ್ಕೊಂಡ್ರಲ್ಲ!"

"ಮೆಲ್ಲಗೆ ಮಾತಾಡು" ಎಂದ ಅವನು, ಹಿಂದೆ ನಿಂತಿದ್ದ ಪೇದೆಯ ಕಡೆ ನೋಡುತ್ತಾ. "ಅವರು ಕೈ ಬಿಡಲ್ಲ. ನಂಬು."

ಸಮಯ ಮುಗಿಯಿತೆಂದು ಪೇದೆ ಕೂಗಿದ.

ಅವರು ಕೈ ಬಿಡುತ್ತಾರೋ ಇಲ್ಲವೋ ಎಂಬುದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಆ ವಾರವೇ ಜಯದೇವಪ್ಪ ಚಳ್ಳಕೆರೆಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಪ್ರೇಮಲತಾ ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಿ ಮುಗಿಸಿ, ಊಟದ ಹೊತ್ತಿನಲ್ಲಿ ಫೋನಿನಲ್ಲಿ ಅದನ್ನು ನೋಡಿದಳು. "ವೀರೇಶ ಅನ್ನೋ ಒಬ್ಬ ಲೋಕಲ್ ಮ್ಯಾನೇಜರ್ ನನ್ನ ಹೆಸರು ಹೇಳ್ಕೊಂಡು ಬ್ಯಾಂಕಿನೋರಿಗೂ ಕಂಪನಿಯೋರಿಗೂ ಟೋಪಿ ಹಾಕಿದಾನೆ. ಅಂಥೋನಿಗೆ ಕಠಿಣ ಶಿಕ್ಷೆ ಆಗಬೇಕು ಅಂತ ನಾನೇ ಸರ್ಕಾರಕ್ಕೆ ಒತ್ತಾಯ ಮಾಡ್ತೀನಿ" ಎಂದರು ಅವರು. ಪಕ್ಕದಲ್ಲಿ ಕೂತವರು ತಲೆಯಾಡಿಸಿದರು.

ಅವಳು ಆ ತುಣುಕನ್ನು ಎರಡು ಸಲ ನೋಡಿದಳು. ಡಬ್ಬಿಯಲ್ಲಿದ್ದ ಅನ್ನ ಹಾಗೇ ಉಳಿಯಿತು. ಡಾಕ್ಟರ ಕೋಣೆಗೆ ಹೋಗಿ, "ಸರ್, ನಾನು ಇಲ್ಲಿಂದ ಹೋಗಲ್ಲ. ವರ್ಗಾವಣೆ ಬ್ಯಾಡ ಅಂತ ಬರ್ಕೊಡ್ತೀನಿ" ಎಂದಳು. ಡಾಕ್ಟರು ಬೆರಗಾಗಿ ನೋಡಿದರು. ಆಮೇಲೆ ಹಿತ್ತಲ ಬೇವಿನ ಮರದ ಕೆಳಗೆ ನಿಂತು ಆ ಮಹಿಳಾ ಅಧಿಕಾರಿಗೆ ಫೋನ್ ಮಾಡಿದಳು. ಈಕೆಯೂ ಅವರ ಕಡೆಯವಳೇ ಆಗಿದ್ದರೆ ಎಂಬ ಹೆದರಿಕೆ ಆಗಲೂ ಹೋಗಿರಲಿಲ್ಲ. "ನಾನು ಹೇಳೋದನ್ನ ನಿಮ್ಮ ಮುಂದೆ ಹೇಳಲ್ಲ ಮೇಡಂ. ನ್ಯಾಯಾಧೀಶರ ಮುಂದೆ ಹೇಳ್ತೀನಿ" ಎಂದಳು. ಅಧಿಕಾರಿ, "ಅದೇ ಒಳ್ಳೆಯದು" ಎಂದರು.

ಹೇಳಿಕೆಯ ದಿನ ಚಳ್ಳಕೆರೆ ನ್ಯಾಯಾಲಯದ ಗೇಟಿನಲ್ಲಿ ಮಾರುತೇಶ ಕಾಯುತ್ತಿದ್ದ. ಯಾರು ಸುದ್ದಿ ಮುಟ್ಟಿಸಿದ್ದರೋ. ಕಣ್ಣುಗಳು ಕೆಂಪಾಗಿದ್ದವು.

"ನನ್ನ ತಮ್ಮನ್ನ ಜೈಲಲ್ಲೇ ಕೊಳೆಸಬೇಕು ಅಂತೀಯೇನವ್ವ?"

"ಟಿವಿಲಿ ಅವರು ಹೇಳಿದ್ದು ನೋಡ್ಲಿಲ್ವಾ ಭಾವ?"

"ನೋಡ್ದೆ. ಕೇಳಕ್ಕೆ ಅಂತ ಅವರ ಮನೆಗೂ ಹೋಗಿದ್ದೆ. ಬೆಳಿಗ್ಗೆಯಿಂದ ಸಂಜೆತನಕ ಹೊರಗೇ ಕೂರಿಸಿದ್ರು. ಒಳಗೆ ಕರೀಲಿಲ್ಲ." ಅವನು ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡ. "ಆದ್ರೂ ಅವರನ್ನ ಎದುರು ಹಾಕ್ಕೊಂಡು ನಾವು ಬದುಕಕ್ಕಾಗುತ್ತಾ? ನನಗೆ ಭಯ ಕಣವ್ವ. ಬ್ಯಾರೆ ಏನಿಲ್ಲ."

ಈ ಮನುಷ್ಯ ತಮ್ಮನನ್ನು ಮಾರಿಕೊಂಡಿದ್ದಾನೆ ಎಂದು ತಾನು ಅಂದುಕೊಂಡದ್ದು ನೆನೆದು ಪ್ರೇಮಲತಾಳಿಗೆ ನಾಚಿಕೆಯಾಯಿತು. "ನನಗೂ ಭಯ ಐತೆ ಭಾವ" ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಒಳಗೆ ನ್ಯಾಯಾಧೀಶರು, ಟೈಪು ಮಾಡುವವರು, ಅವಳು ಇಷ್ಟೇ ಜನ. ಪೊಲೀಸರನ್ನು ಹೊರಗೆ ಕಳಿಸಿದ್ದರು.

"ಹೀಗೆ ಹೇಳಿ ಅಂತ ಯಾರಾದರೂ ನಿಮ್ಮ ಮೇಲೆ ಒತ್ತಡ ಹಾಕಿದ್ದಾರಾ?" ಎಂದು ನ್ಯಾಯಾಧೀಶರು ಕೇಳಿದರು.

"ಹೇಳಬೇಡ ಅಂತ ಹಾಕಿದಾರೆ ಸ್ವಾಮಿ. ಹೇಳು ಅಂತ ಯಾರೂ ಹಾಕಿಲ್ಲ."

ಅವಳು ಹೇಳುತ್ತಾ ಹೋದಳು. ಬಿಸಿಲಿನ ದಿನ, ಮಂಚ, ಬಿ.ಪಿ., ಮಲಗಿದ್ದವರ ಮಾತು, ಎಂ.ಡಿ. ಕೊಟ್ಟ ಉತ್ತರ. ನ್ಯಾಯಾಧೀಶರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಆಗ ಆ ಕೋಣೆಯಲ್ಲಿ ಮತ್ತೆ ಯಾರಿದ್ದರು?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ ಇದಕ್ಕೆ ಎರಡು ಉತ್ತರಗಳನ್ನೂ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು. ಯಾರೂ ಇರಲಿಲ್ಲ ಎಂದರೆ ವೀರೇಶ ಏನೂ ಅರಿಯದ ಕೆಲಸಗಾರನಾಗಿ ಉಳಿಯುತ್ತಾನೆ. ಆದರೆ ಒಂದು ಸುಳ್ಳನ್ನು ಜೊತೆಗಿಟ್ಟುಕೊಂಡು ಜಯದೇವಪ್ಪನವರ ಸುಳ್ಳನ್ನು ಹೇಗೆ ಎತ್ತಿ ತೋರಿಸುವುದು? ಅವಳು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು.

"ನನ್ನ ಗಂಡ ಇದ್ರು" ಎಂದಳು. "ಬಾಗಿಲ ಹತ್ರ ನಿಂತಿದ್ರು. ಅವರಿಗೂ ಎಲ್ಲಾ ಕೇಳಿಸ್ತು."

ಟೈಪು ಮಾಡುವವರ ಬೆರಳು ಒಂದು ಕ್ಷಣ ನಿಂತು ಮತ್ತೆ ಓಡಿತು.

ಸುದ್ದಿ ಹೊರಬಿತ್ತು. ಜಯದೇವಪ್ಪನವರನ್ನು ಬೆಂಗಳೂರಿಗೆ ವಿಚಾರಣೆಗೆ ಕರೆದರು. ಚಳ್ಳಕೆರೆಯ ಹೋಟೆಲುಗಳಲ್ಲಿ ಜನ ಈಗ ಅವರ ಹೆಸರನ್ನು ಸ್ವಲ್ಪ ಗಟ್ಟಿಯಾಗಿಯೇ ಆಡತೊಡಗಿದರು. ಒಂದು ಬೆಳಿಗ್ಗೆ ಅಫ್ಸರ್ ತಾನಾಗಿಯೇ ಹೋಗಿ ಹೇಳಿಕೆ ಕೊಟ್ಟು ಬಂದ. ಬಂದವನು ಪ್ರೇಮಲತಾಳಿಗೆ ಫೋನ್ ಮಾಡಿ, "ನೀವು ಹೆಂಗಸಾಗಿ ಹೇಳಿದ್ರಿ ಅಂತ ನಮ್ಮ ಮನೆಯಾಕೆ ಫರ್ಜಾನಾ ದಿನಾ ಚುಚ್ಚುತಿದ್ಲು ಅಕ್ಕಾ. ಮನೇಲಿ ಇರೋಕೆ ಆಗ್ಲಿಲ್ಲ" ಎಂದು ನಕ್ಕ. ಅವನ ಗ್ಯಾರೇಜಿಗೆ ಬರುವ ಲಾರಿಗಳು ಮಾತ್ರ ಕಡಿಮೆಯಾದವು.

ಹೆಚ್ಚುವರಿ ಆರೋಪಪಟ್ಟಿಯಲ್ಲಿ ಜಯದೇವಪ್ಪ ಮತ್ತು ಅವರ ಅಳಿಯ ಇಬ್ಬರ ಹೆಸರೂ ಬಂತು. ಇಬ್ಬರೂ ಬಂಧನಕ್ಕೆ ಮೊದಲೇ ಜಾಮೀನು ಪಡೆದುಕೊಂಡರು. ಯುಗಾದಿಗೆ ಶುಭಾಶಯ ಕೋರುವ ಅವರ ಫ್ಲೆಕ್ಸು ಚಳ್ಳಕೆರೆಯ ಸರ್ಕಲ್ಲಿನಲ್ಲಿ ಎಂದಿನಂತೆಯೇ ಎದ್ದಿತು. ದೊಡ್ಡ ವಕೀಲ ವೀರೇಶನ ಕೇಸು ಬಿಟ್ಟ. ಮಾರುತೇಶ ಚಿತ್ರದುರ್ಗದಲ್ಲಿ ಇನ್ನೊಬ್ಬ ವಕೀಲನನ್ನು ಹುಡುಕಿದ. ಇಡೀ ವಂಚನೆ ವೀರೇಶ ಒಬ್ಬನದೇ ಅಲ್ಲವೆಂದು ಈಗ ಪೊಲೀಸರ ಕಾಗದದಲ್ಲೇ ಇತ್ತಲ್ಲ, ಆ ಮಾತನ್ನೇ ಹಿಡಿದು ವಾದಿಸಿ ಹೊಸ ವಕೀಲ ಜಾಮೀನು ಕೊಡಿಸಿದ.

ವೀರೇಶ ಮನೆಗೆ ಬಂದ. ಮೊದಮೊದಲು ಅವನು ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ. ಒಂದು ದಿನ ಊಟಕ್ಕೆ ಕೂತಾಗ, "ನನ್ನ ಹೆಸರು ಬಿಡಬಹುದಿತ್ತು" ಎಂದ.

"ಬಿಡಬಹುದಿತ್ತು" ಎಂದಳು ಪ್ರೇಮಲತಾ. "ಬಿಟ್ಟಿದ್ರೆ ಆಮೇಲೆ ನಿಮ್ಮ ಮುಖ ನೋಡಕ್ಕೆ ನನಗೆ ಆಗ್ತಿರಲಿಲ್ಲ. ಆವತ್ತು ಕೇಳಿದಾಗ ನಮಗ್ಯಾಕೆ ಅಂದ್ರಲ್ಲ. ನಾನೂ ಸುಮ್ಮನಾದೆ. ಅಲ್ಲೇ ತಪ್ಪಿದ್ದು."

ಅವನು ಮುದ್ದೆ ಮುರಿಯುತ್ತಾ ಕೂತಿದ್ದ.

ಅವನಿಗೆ ಫೋನುಗಳು ಬರತೊಡಗಿದ್ದವು. ಬಂದಾಗಲೆಲ್ಲ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದ. ಯಾರೆಂದು ಕೇಳಿದರೆ "ಅಣ್ಣ" ಎನ್ನುತ್ತಿದ್ದ. ಅಣ್ಣ ಅದೇ ಹೊತ್ತಿಗೆ ಒಳಗೆ ಕೂತು ಚಹಾ ಕುಡಿಯುತ್ತಿದ್ದ ದಿನವೂ ಬಾಯಿತಪ್ಪಿ ಹಾಗೆಯೇ ಅಂದ. ಮಾರುತೇಶ ಲೋಟ ಕೆಳಗಿಟ್ಟು ತಮ್ಮನ ಹೆಂಡತಿಯ ಮುಖ ನೋಡಿದ.

"ಇನ್ನು ಮುಂದೆ ಇಲ್ಲೇ ಕೂತು ಮಾತಾಡ್ರೀ" ಎಂದಳು ಪ್ರೇಮಲತಾ.

ಮತ್ತೊಂದು ಸಂಜೆ ಫೋನು ಬಂದಾಗ ವೀರೇಶ ನಿಜಕ್ಕೂ ಎದ್ದು ಹೋಗಲಿಲ್ಲ. ಅವಳ ಎದುರಿಗೇ ಕೂತು ಕಿವಿಗೆ ಹಿಡಿದುಕೊಂಡ. ಆ ಕಡೆಯವರೇ ಬಹಳ ಹೊತ್ತು ಮಾತಾಡಿದರು. ಇವನು "ಹೂಂ" ಎಂದ. ಮತ್ತೊಮ್ಮೆ "ಹೂಂ" ಎಂದ. ಕೊನೆಗೆ "ಆಯ್ತು ಸರ್" ಎಂದು ಇಟ್ಟ.

"ಯಾರು? ಏನಂತೆ?"

"ಅವರ ಕಡೆಯೋರೇ. ಕೋರ್ಟಿನಲ್ಲಿ ನೀನು ಮಾತು ಬದಲಾಯಿಸ್ತೀಯಾ ಅಂತ ಕೇಳಿದ್ರು. ಅವಳು ಬದಲಾಯಿಸೋಳಲ್ಲ, ಮತ್ತೆ ಫೋನ್ ಮಾಡಬ್ಯಾಡ್ರಿ ಅಂದೆ."

ಪ್ರೇಮಲತಾ ಅವನನ್ನು ನೋಡಿದಳು. ಅವಳ ಎದುರಿಗೇ ಕೂತಿದ್ದವನು ಆ ಮಾತು ಹೇಳಿರಲೇ ಇಲ್ಲ. ಅವಳಿಗೆ ಕೇಳಿಸಿದ್ದು ಎರಡು ಹೂಂ, ಒಂದು ಆಯ್ತು.

"ಸಾಕ್ಷಿ ಹೇಳೋ ದಿನ ನಾನು ಕೋರ್ಟಿಗೆ ಭಾವನ ಜೊತೆ ಹೋಗ್ತೀನಿ" ಎಂದಳು ಅವಳು. "ನೀವು ನಿಮ್ಮ ವಕೀಲರ ಜೊತೆ ಬರ್ರಿ."

ಅವಳು ಎದ್ದು, ಬೆಳಿಗ್ಗೆ ಡ್ಯೂಟಿಗೆ ಉಡಬೇಕಾದ ಸೀರೆಯನ್ನು ಇಸ್ತ್ರಿ ಮಾಡತೊಡಗಿದಳು.